ವಿಷಯಸೂಚಿಯಲ್ಲಷ್ಟೇ ಸೇರುವ ವಿದ್ಯೆಗಳು

ಉತ್ತರ ಕನ್ನಡದ ಕಾರವಾರ, ಅಂಕೋಲೆಯ ಕಡೆ ಸಂಶೋಧನೆಯ ಮಾತೆತ್ತಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ. "ಅದೆಲ್ಲ ಬೆಂಗಳೂರು, ಮಣಿಪಾಲದವರ ಕೆಲಸ ಮಾರಾಯ್ರೆ. ನಮ್ಮದು ಪಾಠ ಮಾಡೋ ಕಾಲೇಜು." ಹೀಗನ್ನುವವರು ಅಧ್ಯಾಪಕರಿರಬಹುದು, ಮಗಳನ್ನು ಸೇರಿಸಲು ಬಂದ ಪಾಲಕರಿರಬಹುದು, ಅನುದಾನ ಹಂಚುವ ಜನಪ್ರತಿನಿಧಿ ಇರಬಹುದು. ಅಧ್ಯಾಪಕರಾದರೆ ಅದರ ಬೆನ್ನಿಗೇ ಇನ್ನೊಂದು ಮಾತು ಸೇರಿಸುತ್ತಾರೆ: "ಪೇಪರ್ ಮಾತ್ರ ಹಾಕಲೇಬೇಕು, ಬಡ್ತಿಗೆ ಬೇಕಲ್ಲ."

ಸಂಶೋಧನೆ ಇಲ್ಲಿ ಆಗದು, ಆದರೆ ಸಂಶೋಧನಾ ಪ್ರಬಂಧ ಇಲ್ಲಿಂದ ಹೊರಡುತ್ತಲೇ ಇರಬೇಕು. ಈ ಎರಡು ಮಾತು ಒಂದೇ ಬಾಯಲ್ಲಿ ಬಂದರೂ ಯಾರೂ ಹುಬ್ಬೇರಿಸುವುದಿಲ್ಲ. ಮೊದಲನೆಯದು ಸುಳ್ಳು, ಎರಡನೆಯದು ಆ ಸುಳ್ಳಿಗೆ ಬಿದ್ದ ಸರ್ಕಾರಿ ಮೊಹರು. ಇವೆರಡೂ ಸೇರಿ ಈ ಕರಾವಳಿಗೆ ಮಾಡಿರುವ ನಷ್ಟ ಸಣ್ಣದಲ್ಲ. ಅದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿದೆ.

ಮೊದಲು ಪೇಪರಿನ ಕತೆ ನೋಡೋಣ. ಇಂಜಿನಿಯರಿಂಗ್ ಅಥವಾ ವೈದ್ಯಕೀಯ ಕಾಲೇಜಿನ ಯಾವ ಅಧ್ಯಾಪಕರ ಇಮೇಲ್ ತೆರೆದರೂ ಅಲ್ಲಿ ಆಹ್ವಾನಗಳ ರಾಶಿ. ಪತ್ರಿಕೆಯ ಹೆಸರಲ್ಲಿ 'ಅಂತರರಾಷ್ಟ್ರೀಯ' ಎಂಬ ಪದ ತಪ್ಪದೆ ಇರುತ್ತದೆ, 'ಬಹುಶಿಸ್ತೀಯ' ಎಂಬುದೂ ಇರುತ್ತದೆ. ಪ್ರಬಂಧ ಕಳಿಸಿದ ಕೆಲವೇ ದಿನಗಳಲ್ಲಿ ಪ್ರಕಟಣೆ. ಭಾರತೀಯರಿಗೆ ರೂಪಾಯಿಯಲ್ಲಿ ಒಂದು ದರ, ಹೊರಗಿನವರಿಗೆ ಡಾಲರಿನಲ್ಲಿ ಇನ್ನೊಂದು. ಪ್ರತಿ ಲೇಖಕನಿಗೂ ಬಣ್ಣದ ಅಂಚಿನ ಪ್ರಮಾಣಪತ್ರ. ಹೆಸರು ನಾಲ್ಕಿದ್ದರೆ ಪ್ರಮಾಣಪತ್ರವೂ ನಾಲ್ಕು.

ಅಂಥ ಪತ್ರಿಕೆಯ ಒಂದು ಸಂಚಿಕೆಯ ವಿಷಯಸೂಚಿ ಓದಿ. ಮೊದಲ ಪ್ರಬಂಧ ಗರ್ಭಿಣಿಯರ ಮಧುಮೇಹದ ಮೇಲೆ. ಎರಡನೆಯದು ವೆಲ್ಡಿಂಗ್ ಮಾಡುವಾಗ ಅಲ್ಯುಮಿನಿಯಂ ತಗಡಿಗೆ ಏರುವ ಶಾಖದ ಮೇಲೆ. ಮೂರನೆಯದು ಕಂಪ್ಯೂಟರ್ ನೆಟ್‌ವರ್ಕಿನಲ್ಲಿ ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕೆಂಬುದರ ಮೇಲೆ. ನಾಲ್ಕನೆಯದು ಸ್ವಸಹಾಯ ಸಂಘಗಳ ಬಗ್ಗೆ ಇದ್ದರೂ ಅಚ್ಚರಿಯಿಲ್ಲ. ರಾತ್ರಿ ಬಸ್ಸಿನ ಪ್ರಯಾಣಿಕರ ಹಾಗೆ ಇವು ಪಕ್ಕಪಕ್ಕದಲ್ಲಿ ಕೂತಿವೆ, ಒಂದಕ್ಕೊಂದು ಪರಿಚಯವಿಲ್ಲ. ಎರಡನೆಯದನ್ನು ಬರೆದವರು ಮೂರನೆಯದನ್ನು ಓದಿಲ್ಲ. ಸಂಪಾದಕರು ಯಾವುದನ್ನಾದರೂ ಓದಿದ್ದಾರೆಯೇ ಎಂಬುದೂ ಅನುಮಾನವೇ.

ಅನುಮಾನಕ್ಕೆ ಆಧಾರವಿದೆ. 2005ರಲ್ಲಿ ಅಮೆರಿಕದ ಎಂಐಟಿಯ ಮೂವರು ವಿದ್ಯಾರ್ಥಿಗಳು ಅರ್ಥವಿಲ್ಲದ ಪ್ರಬಂಧಗಳನ್ನು ತಾನೇ ಹೆಣೆಯುವ ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆದರು, ಹೆಸರು ಸೈಜೆನ್. ಅದು ಹೆಣೆದ, ನೆಟ್‌ವರ್ಕಿಂಗ್ ಕುರಿತಾದಂತೆ ಕಾಣುವ ಒಂದು ಪ್ರಬಂಧವನ್ನು ಅಂತರರಾಷ್ಟ್ರೀಯ ಸಮ್ಮೇಳನವೊಂದು ಒಪ್ಪಿಕೊಂಡಿತು. 2014ರಲ್ಲಿ ಸ್ಪ್ರಿಂಗರ್ ಮತ್ತು ಐಇಇಇಯಂಥ ದೊಡ್ಡ ಪ್ರಕಾಶಕರು ಇಂಥ 120ಕ್ಕೂ ಹೆಚ್ಚು ಪ್ರಬಂಧಗಳನ್ನು ತಮ್ಮ ಸಂಗ್ರಹದಿಂದ ಕಿತ್ತು ಹಾಕಬೇಕಾಯಿತು. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ, ಬೇಕೆಂದೇ ತಪ್ಪು ತುಂಬಿದ ಕ್ಯಾನ್ಸರ್ ಔಷಧಿಯ ಪ್ರಬಂಧವೊಂದನ್ನು 304 ಪತ್ರಿಕೆಗಳಿಗೆ ಕಳಿಸಿದ. 157 ಪತ್ರಿಕೆಗಳು ಸ್ವೀಕರಿಸಿದವು. ಅವುಗಳಲ್ಲಿ ಬೇರಾವ ದೇಶಕ್ಕಿಂತ ನಮ್ಮ ದೇಶದಿಂದ ಹೊರಡುವವೇ ಹೆಚ್ಚಿದ್ದವು. ಹೈದರಾಬಾದಿನ ಓಮಿಕ್ಸ್ ಎಂಬ ಪ್ರಕಾಶನಕ್ಕೆ 2019ರಲ್ಲಿ ಅಮೆರಿಕದ ನ್ಯಾಯಾಲಯ ಐದು ಕೋಟಿ ಡಾಲರಿಗೂ ಮಿಕ್ಕ ಮೊತ್ತ ಕಟ್ಟುವಂತೆ ಆದೇಶಿಸಿತು. ಇದು ಹಳ್ಳಿ ಮೂಲೆಯ ಕಾಲೇಜಿನ ರೋಗವಲ್ಲ, ಜಗತ್ತಿನ ರೋಗ. ಆದರೆ ಅದರ ಔಷಧಿಯ ಖರ್ಚು ಹೆಚ್ಚು ಬೀಳುವುದು ಸಣ್ಣ ಊರಿನವರ ಮೇಲೆ.

ಈ ಮಾರುಕಟ್ಟೆ ತಾನಾಗಿ ಹುಟ್ಟಲಿಲ್ಲ. 2010ರಲ್ಲಿ ಯುಜಿಸಿ ಅಧ್ಯಾಪಕರ ಬಡ್ತಿಗೆ ಅಂಕಗಳ ಪಟ್ಟಿ ತಂದಿತು: ಇಷ್ಟು ಪೇಪರಿಗೆ ಇಷ್ಟು ಅಂಕ. 2015ರಲ್ಲಿ ಮೆಡಿಕಲ್ ಕೌನ್ಸಿಲ್ ವೈದ್ಯ ಶಿಕ್ಷಕರ ಬಡ್ತಿಗೂ ಪೇಪರಿನ ಲೆಕ್ಕ ಹೇಳಿತು. ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಎನ್‌ಐಆರ್‌ಎಫ್‌ನಲ್ಲಿ ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ ಮಟ್ಟಿಗೆ ಸಂಶೋಧನೆಗೆ ನೂರಕ್ಕೆ 30ರ ತೂಕ. ಬೇಡಿಕೆ ಹುಟ್ಟಿದ ಕೂಡಲೇ ಅಂಗಡಿ ತೆರೆಯಿತು. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಮಾನ್ಯ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. ಆಮೇಲೆ 'ಕೇರ್' ಎಂಬ ಹೊಸ ಪಟ್ಟಿ ಮಾಡಿತು, 2025ರಲ್ಲಿ ಅದನ್ನೂ ಕೈಬಿಟ್ಟಿತು. ಪಿಎಚ್‌.ಡಿ.ಗೆ ಮುಂಚೆ ಪೇಪರ್ ಪ್ರಕಟವಾಗಿರಲೇಬೇಕೆಂಬ ನಿಯಮವನ್ನು 2022ರಲ್ಲಿ ಸಡಿಲಿಸಿತು. ಹದಿನೈದು ವರ್ಷ ಪಟ್ಟಿ ಮಾಡಿ, ಪಟ್ಟಿ ಹರಿದು, ಕೊನೆಗೆ ನೀವೇ ನೋಡಿಕೊಳ್ಳಿ ಎಂದು ಕೈ ತೊಳೆದುಕೊಂಡಂತಾಯಿತು. ಪೇಪರ್ ಎಣಿಸುವ ಚಟ ಮಾತ್ರ ಬಿಡಲಿಲ್ಲ.

ಹಾಗೆಂದು ಅಧ್ಯಾಪಕರನ್ನು ಬೈದು ಪ್ರಯೋಜನವಿಲ್ಲ. ಖಾಲಿ ಬಿದ್ದ ಹುದ್ದೆಗಳ ಪಾಠವನ್ನೂ ಅವರೇ ಮಾಡಬೇಕು, ಲ್ಯಾಬ್ ನೋಡಬೇಕು, ಉತ್ತರಪತ್ರಿಕೆ ತಿದ್ದಬೇಕು, ನ್ಯಾಕ್‌ನ ಮಾನ್ಯತೆಯ ಕಡತ ಹೊಲಿಯಬೇಕು. ವೈದ್ಯರಾದರೆ ಹೊರರೋಗಿಗಳ ಸಾಲು ಮುಗಿಸಬೇಕು. ಇದರ ನಡುವೆ ಬಡ್ತಿಯ ಕತ್ತಿ. ಅವಸರದಲ್ಲಿ ಯಾರಾದರೂ ಸುಲಭದ ದಾರಿ ಹಿಡಿದರೆ ಅದು ಅರ್ಥವಾಗುವಂಥದೇ. ಆದರೆ ಒಂದು ಜವಾಬ್ದಾರಿಯಿಂದ ಅವರೂ ತಪ್ಪಿಸಿಕೊಳ್ಳುವಂತಿಲ್ಲ. ಹೇಗೂ ಪೇಪರ್ ಬರೆಯಲೇಬೇಕೆಂದ ಮೇಲೆ ಯಾವುದರ ಮೇಲೆ ಬರೆಯಬೇಕು ಎಂಬ ಆಯ್ಕೆ ಅವರದೇ. ಆ ಆಯ್ಕೆಯಲ್ಲಿ ಕಾರವಾರ ಏಕೆ ಬರುವುದಿಲ್ಲ? ಅಂಕೋಲೆ ಏಕೆ ಬರುವುದಿಲ್ಲ?

ಕಾರವಾರದ ನಕ್ಷೆ ಒಮ್ಮೆ ನೋಡಿ. ಊರೊಳಗೆ ಕಾರವಾರ ವೈದ್ಯಕೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಕ್ರಿಮ್ಸ್. 2016ರಿಂದ ಅಲ್ಲಿ ಎಂಬಿಬಿಎಸ್ ಇದೆ. ಕಾಳಿ ನದಿಯ ದಂಡೆಯ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ, 1975ರಿಂದ. ಸೇತುವೆ ದಾಟಿ ಗೋವಾ ಗಡಿಯ ಕಡೆ ಹೋದರೆ ಮಾಜಾಳಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು; ಅಲ್ಲಿ ಮೆಕ್ಯಾನಿಕಲ್ಲೂ ಇದೆ, ಕಂಪ್ಯೂಟರ್ ಸೈನ್ಸೂ ಇದೆ. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೇ ಊರಲ್ಲಿದೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಒಂದು ಟೆಂಪೊ ಸಾಕು. ಆ ಅಂತರರಾಷ್ಟ್ರೀಯ ಪತ್ರಿಕೆಯ ವಿಷಯಸೂಚಿಯಲ್ಲಿ ಪಕ್ಕಪಕ್ಕ ಕೂರುವ ವೈದ್ಯಕೀಯ, ಮೆಕ್ಯಾನಿಕಲ್, ನೆಟ್‌ವರ್ಕಿಂಗ್ ಮೂರೂ ಇಲ್ಲಿ ನಿಜವಾಗಿಯೂ ಪಕ್ಕಪಕ್ಕದಲ್ಲಿವೆ. ಅವು ಸೇರಿ ಒಂದು ಪ್ರಶ್ನೆ ಕೇಳಲು ಏನು ಅಡ್ಡಿ?

ಕೇಳಬೇಕಾದ ಪ್ರಶ್ನೆಗಳಿಗೆ ಬರವಿಲ್ಲ. 2024ರ ಜುಲೈ 16ರ ಬೆಳಗ್ಗೆ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಾದಂಗಡಿ, ಅಲ್ಲಿ ಚಹಾಕ್ಕೆಂದು ನಿಂತ ಲಾರಿಗಳು, ಗ್ಯಾಸ್ ಟ್ಯಾಂಕರು, ಎಲ್ಲ ಗಂಗಾವಳಿ ಪಾಲಾದವು. ಮಣ್ಣು ನದಿಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಹನ್ನೊಂದು ಜನ ಹೋದರು. ಒಂದು ಲಾರಿ ಮತ್ತು ಅದರ ಚಾಲಕನ ಶವ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಗೋವಾದಿಂದ ತಂದ ಡ್ರೆಜ್ಜರ್ ಹೂಳೆತ್ತಿದ ಮೇಲೆ. ಹುಡುಕಲು ನೌಕಾಪಡೆ ಬಂತು, ರಡಾರ್ ಬಂತು, ಡ್ರೋನ್ ಬಂತು, ಮಲ್ಪೆಯಿಂದ ಮುಳುಗುಗಾರರು ಬಂದರು. ಬಿದ್ದ ಮೇಲೆ ನೋಡಲು ಇಷ್ಟೆಲ್ಲ ಬಂತು. ಬೀಳುವ ಮುಂಚೆ ಆ ಗುಡ್ಡವನ್ನು ಮಳೆಗಾಲದುದ್ದಕ್ಕೂ ನೋಡುತ್ತಿದ್ದವರು ಯಾರು?

ಇದು ಮೊದಲ ಸಲವೂ ಅಲ್ಲ. 2009ರ ಅಕ್ಟೋಬರ್ 2ರಂದು ಕಾರವಾರ ತಾಲೂಕಿನ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತಿದ್ದರು. 2021ರಲ್ಲಿ ಯಲ್ಲಾಪುರದ ಕಳಚೆ ಊರಿಗೆ ಊರೇ ಜಾರಿತು. ಕಡವಾಡಕ್ಕೂ ಶಿರೂರಿಗೂ ನಡುವೆ ಹದಿನಾಲ್ಕು ಮಳೆಗಾಲ ಸಿಕ್ಕಿದ್ದವು. ಕಡವಾಡದ ಕುಸಿತ ಆದ ವರ್ಷದ ಆಸುಪಾಸಿನಲ್ಲೇ ಕೇರಳದ ಮುನ್ನಾರಿನ ಒಂದು ಗುಡ್ಡದಲ್ಲಿ ಅಮೃತಾ ವಿಶ್ವವಿದ್ಯಾಲಯದವರು ನೆಲದೊಳಗೆ ಉಪಕರಣ ಹೂತಿದ್ದರು. ಮಣ್ಣಿನ ಸಂದಿನಲ್ಲಿ ನೀರಿನ ಒತ್ತಡ ಎಷ್ಟು ಏರಿತು, ಮಣ್ಣು ಎಷ್ಟು ಸರಿಯಿತು, ಮಳೆ ಎಷ್ಟು ಬಿತ್ತು ಎಂಬುದನ್ನು ತಂತಿಯಿಲ್ಲದ ನೆಟ್‌ವರ್ಕಿನ ಮೂಲಕ ಕಳಿಸಿ, ಅಪಾಯ ಕಂಡರೆ ಎಚ್ಚರಿಸುವ ವ್ಯವಸ್ಥೆ ಅದು. ಮಣ್ಣಿನ ಒತ್ತಡ ತಡೆದು ಕೆಲಸ ಮಾಡುವ ಉಪಕರಣ ಮೆಕ್ಯಾನಿಕಲ್‌ನವರ ಕೆಲಸ. ಜುಲೈ ಮಳೆಯಲ್ಲಿ ಕರೆಂಟು ಹೋದರೂ ಸಂದೇಶ ಸಾಗುವಂತೆ ಮಾಡುವುದು ನೆಟ್‌ವರ್ಕಿನವರ ಕೆಲಸ. ಮಣ್ಣಿನಡಿ ಸಿಕ್ಕವರನ್ನು ಮೊದಲ ಗಂಟೆಯಲ್ಲಿ ಹೇಗೆ ಉಳಿಸಬೇಕು, ಯಾವ ಆಸ್ಪತ್ರೆ ಸಿದ್ಧವಿರಬೇಕು ಎಂಬುದು ವೈದ್ಯರ ಕೆಲಸ. ಬಹುಶಿಸ್ತೀಯ ಎಂಬ ಪದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಯಾವ ಪತ್ರಿಕೆಯ ಮುಖಪುಟದಲ್ಲೂ ಸಿಗದು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. "ಜನ ದಾರಿ ಮೇಲೆ ಸಾಯ್ತಿದ್ದಾರೆ. ನಮಗೆ ಬೇಕಾದದ್ದು ಆಸ್ಪತ್ರೆ, ಸಂಶೋಧನೆಯಲ್ಲ." ಈ ಮಾತಿನ ಹಿಂದಿನ ನೋವು ಸುಳ್ಳಲ್ಲ. 2019ರಲ್ಲಿ, ಮತ್ತೆ 2022ರಲ್ಲಿ, ಜಿಲ್ಲೆಗೆ ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂದು ಇಡೀ ಉತ್ತರ ಕನ್ನಡ ಟ್ವಿಟರಿನಲ್ಲಿ ಒಂದಾಗಿ ಕೂಗಿತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಇನ್ನೊಂದು ಶಿರೂರಿನ ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಾಗ ಆ ಕೂಗಿಗೆ ಇನ್ನಷ್ಟು ಸಿಟ್ಟು ಸೇರಿತು. ಕಾರವಾರದವರು ಗೋವಾದ ಬಾಂಬೋಲಿಗೋ ಮಣಿಪಾಲಕ್ಕೋ ಓಡುವುದು, ಅಂಕೋಲೆಯವರು ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಓಡುವುದು ಇವತ್ತಿಗೂ ನಿಂತಿಲ್ಲ.

ಆದರೆ ಆಸ್ಪತ್ರೆ ಕೇಳುವವರ ಕೈಯಲ್ಲಿ ಏನಿತ್ತು? ಹ್ಯಾಷ್‌ಟ್ಯಾಗ್ ಇತ್ತು, ನ್ಯಾಯವಾದ ಸಿಟ್ಟಿತ್ತು. ಲೆಕ್ಕದ ಪುಸ್ತಕ ಇರಲಿಲ್ಲ. ಪಾರ್ಶ್ವವಾಯು ಬಡಿದ ರೋಗಿಗೆ ಮಿದುಳಿನ ಹೆಪ್ಪು ಕರಗಿಸುವ ಔಷಧಿ ಕೊಡಲು ಇರುವ ಸಮಯ ನಾಲ್ಕೂವರೆ ಗಂಟೆ. ಕಾರವಾರದಿಂದ ಮಣಿಪಾಲಕ್ಕೆ ಇನ್ನೂರು ಕಿಲೋಮೀಟರಿನ ಆಸುಪಾಸು. ಲಕ್ಷಣ ಕಂಡದ್ದು ಎಷ್ಟು ಹೊತ್ತಿಗೆ, ತಾಲೂಕಾಸ್ಪತ್ರೆ ಮುಟ್ಟಿದ್ದು ಎಷ್ಟಕ್ಕೆ, 'ಮುಂದಿನ ಚಿಕಿತ್ಸೆಗೆ' ಎಂದು ಬರೆದು ಕಳಿಸಿದ್ದು ಎಷ್ಟಕ್ಕೆ, ದೊಡ್ಡಾಸ್ಪತ್ರೆ ಮುಟ್ಟಿದ್ದು ಎಷ್ಟಕ್ಕೆ, ಮೂರು ತಿಂಗಳ ಮೇಲೆ ಆ ಮನುಷ್ಯ ಎದ್ದು ನಡೆಯುತ್ತಿದ್ದಾನೆಯೇ? ಈ ಐದು ಕಾಲಮ್ಮಿನ ರಿಜಿಸ್ಟರನ್ನು ಒಂದು ವರ್ಷ ಇಟ್ಟರೆ ಸಾಕು. ಯಂತ್ರ ಬೇಡ, ಕೋಟಿ ಬೇಡ. ಒಂದು ಪುಸ್ತಕ, ಒಂದು ಫೋನು, ಕರೆ ಮಾಡುವ ತಾಳ್ಮೆ. ಅಂಥ ಲೆಕ್ಕವನ್ನು ವಿಧಾನಸೌಧದ ಮೇಜಿನ ಮೇಲಿಟ್ಟರೆ 'ಕಾರ್ಯಸಾಧ್ಯತೆ ಪರಿಶೀಲಿಸಲಾಗುವುದು' ಎಂದು ತಿಪ್ಪೆ ಸಾರಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. ಆಸ್ಪತ್ರೆಗೂ ಸಂಶೋಧನೆಗೂ ಜಗಳ ಹಚ್ಚುವವರಿಗೆ ತಿಳಿಯದ ಸಂಗತಿ ಇದು: ಸಂಶೋಧನೆ ಇಲ್ಲದ ಬೇಡಿಕೆಯನ್ನು ಸರ್ಕಾರ ಆಶ್ವಾಸನೆಯಲ್ಲೇ ಮುಗಿಸುತ್ತದೆ.

ಪಾರ್ಶ್ವವಾಯುವಿನ ಮಾತು ಬಂದಮೇಲೆ ಬೆಳಂಬಾರವನ್ನು ಬಿಡುವಂತಿಲ್ಲ. ಅಂಕೋಲೆಯ ಈ ಊರಿನ ಹಾಲಕ್ಕಿ ಸಮುದಾಯದ ನಾಟಿ ವೈದ್ಯರ ಮನೆಗೆ ದೂರದೂರದಿಂದ ಪಾರ್ಶ್ವವಾಯು ರೋಗಿಗಳನ್ನು ಕರೆತರುತ್ತಾರೆ. ಒಂದು ಗುಂಪು ಇದನ್ನು ಪವಾಡ ಎನ್ನುತ್ತದೆ, ಇನ್ನೊಂದು ಗುಂಪು ಮೂಢನಂಬಿಕೆ ಎನ್ನುತ್ತದೆ. ಇಬ್ಬರಿಗೂ ಎಣಿಸಿ ನೋಡುವ ಆಸಕ್ತಿಯಿಲ್ಲ. ಪಾರ್ಶ್ವವಾಯು ಬಡಿದವರಲ್ಲಿ ಒಂದಷ್ಟು ಮಂದಿ ತಾವಾಗಿ ಚೇತರಿಸಿಕೊಳ್ಳುತ್ತಾರೆ ಎಂಬುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಮಾತು. ಹಾಗಾದರೆ ಅಲ್ಲಿ ಹೋದವರು ಅದಕ್ಕಿಂತ ಹೆಚ್ಚು ಚೇತರಿಸಿಕೊಂಡರೋ ಇಲ್ಲವೋ? ಅಲ್ಲಿಗೆ ಹೋಗುವ ಅವಸರದಲ್ಲಿ ಆ ನಾಲ್ಕೂವರೆ ಗಂಟೆ ಕಳೆದುಕೊಂಡವರೆಷ್ಟು? ಎರಡನ್ನೂ ಗೌರವದಿಂದ, ಹಾಲಕ್ಕಿ ವೈದ್ಯರನ್ನೂ ಕೂರಿಸಿಕೊಂಡು ಕೇಳಬಹುದು. ಹೊಗಳಿಕೆಗಿಂತ, ಹೀಯಾಳಿಕೆಗಿಂತ ಅದೇ ಅವರಿಗೆ ಸಲ್ಲುವ ಮರ್ಯಾದೆ.

ಇನ್ನು ಕಡಲು. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನ ಇಂಜಿನ್ ಕೋಣೆಗೆ ಇಳಿದು ನೋಡಿ. ತಲೆಯೆತ್ತಿ ನಿಲ್ಲಲಾಗದಷ್ಟು ಜಾಗ, ಡೀಸೆಲ್ಲಿನ ಹೊಗೆ, ಪಕ್ಕದವನ ಮಾತು ಕೇಳದಷ್ಟು ಸದ್ದು. ಆ ಸದ್ದು, ಆ ನಡುಕದ ಮೇಲೆ ದಿನಗಟ್ಟಲೆ ಕೂತವನ ಕಿವಿ ಎಷ್ಟು ಉಳಿದಿದೆ, ಬೆನ್ನು ಏನಾಗಿದೆ ಎಂಬುದು ಅರ್ಧ ವೈದ್ಯರ ಪ್ರಶ್ನೆ, ಅರ್ಧ ಮೆಕ್ಯಾನಿಕಲ್ ಇಂಜಿನಿಯರರ ಪ್ರಶ್ನೆ. ಬೋಟಿನ ತಳಕ್ಕೆ ಅಂಟುವ ಚಿಪ್ಪುಜೀವಿಗಳು ನೀರಿನ ತಡೆ ಹೆಚ್ಚಿಸಿ ಡೀಸೆಲ್ ಕುಡಿಸುತ್ತವೆ. ಅವು ಯಾವ ತಿಂಗಳಲ್ಲಿ ಅಂಟುತ್ತವೆ, ಯಾವ ಬಣ್ಣಕ್ಕೆ ಅಂಟುವುದಿಲ್ಲ ಎಂಬುದನ್ನು ಕೋಡಿಬಾಗದವರೂ ಮಾಜಾಳಿಯವರೂ ಸೇರಿ ಹೇಳಬಹುದು. ಉಪ್ಪುಗಾಳಿಯಲ್ಲಿ ಕಬ್ಬಿಣಕ್ಕೆ ಎಷ್ಟು ವೇಗದಲ್ಲಿ ತುಕ್ಕು ಹಿಡಿಯುತ್ತದೆ ಎಂಬ ಲೆಕ್ಕ ಬೋಟಿಗೂ ಬೇಕು, ಸೇತುವೆಗೂ ಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಲಾರಿಯೊಂದರ ಸಮೇತ ಕುಸಿದು ಬಿತ್ತು. ನಾಲ್ಕು ದಶಕ ಉಪ್ಪುನೀರಿನ ಮೇಲೆ ನಿಂತ ಸೇತುವೆ ಅದು. ಕೋಡಿಬಾಗದಿಂದ ಮಾಜಾಳಿಗೆ ಹೋಗುವ ದಾರಿಯಲ್ಲೇ ಇತ್ತು. ಅದೊಂದು ಪ್ರಯೋಗಶಾಲೆ ಎಂದು ಯಾರಿಗೂ ಕಾಣಲಿಲ್ಲ.

ನೆಟ್‌ವರ್ಕಿಂಗ್ ಓದುವವರಿಗೂ ಕಡಲಲ್ಲಿ ಕೆಲಸವಿದೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಎರಡು ದಿನದ ಮೇಲೆ ಸಂಪರ್ಕ ಕಳೆದುಕೊಂಡಿತು. ಏಳು ಮೀನುಗಾರರಿದ್ದರು, ಹೆಚ್ಚಿನವರು ಉತ್ತರ ಕನ್ನಡದವರು. ಅದರ ಅವಶೇಷ ಮಾಲ್ವಣದ ಆಚೆ ಕಡಲ ತಳದಲ್ಲಿದೆ ಎಂದು ನೌಕಾಪಡೆ ಹೇಳಿದ್ದು 2019ರ ಮೇ ತಿಂಗಳಲ್ಲಿ. ದಡದಿಂದ ಮೊಬೈಲ್ ಸಿಗ್ನಲ್ ಎಷ್ಟು ದೂರ ಮುಟ್ಟುತ್ತದೆ, ಒಂದು ಬೋಟಿನಿಂದ ಇನ್ನೊಂದಕ್ಕೆ ಸಂದೇಶ ಹಾಯಿಸಿ ದಡ ಮುಟ್ಟಿಸಬಹುದೇ ಎಂಬುದು ಜೀವದ ಪ್ರಶ್ನೆ. ನಮ್ಮ ಪದವಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಚಲಿಸುವ ನೆಟ್‌ವರ್ಕಿನ ಮಾದರಿಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಚಲಿಸುವುದು ಮಾತ್ರ ಕಂಪ್ಯೂಟರ್ ಪರದೆಯ ಮೇಲಿನ ಚುಕ್ಕಿಗಳು. ಕಿಟಕಿಯಾಚೆ ನಿಜವಾಗಿ ಚಲಿಸುತ್ತಿರುವ ಬೋಟುಗಳ ಸಾಲು ಯಾರ ಲೆಕ್ಕಕ್ಕೂ ಇಲ್ಲ.

"ಇದೆಲ್ಲ ಕೇಳಲು ಚೆಂದ. ಸಣ್ಣ ಊರಲ್ಲಿ ಆಗ್ಬೇಕಲ್ಲ?" ಆಗಿದೆ. ಅದೂ ಇದೇ ಕೊಂಕಣ ಕರಾವಳಿಯಲ್ಲಿ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ ಕಾರವಾರಕ್ಕಿಂತ ದೊಡ್ಡ ಊರೇನಲ್ಲ. ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1970ರ ದಶಕದಲ್ಲಿ ಬಂದ ಹಿಮ್ಮತರಾವ್ ಬಾವಸ್ಕರ್ ಎಂಬ ವೈದ್ಯರು ಕೆಂಪು ಚೇಳು ಕಚ್ಚಿದವರು ಸಾಯುವುದನ್ನು ಕಂಡರು. ಪಠ್ಯಪುಸ್ತಕದಲ್ಲಿ ಅದಕ್ಕೆ ಚಿಕಿತ್ಸೆ ಇರಲಿಲ್ಲ. ಅವರು ರೋಗಿಯ ಪಕ್ಕ ಕೂತು ನಾಡಿ, ರಕ್ತದೊತ್ತಡ, ಬೆವರು, ಉಸಿರು ಎಲ್ಲ ಬರೆದಿಟ್ಟರು. ಚೇಳಿನ ವಿಷ ಹೃದಯವನ್ನು ಹೇಗೆ ಸೋಲಿಸುತ್ತದೆ ಎಂದು ಕಂಡುಕೊಂಡರು. ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಜೀವ ಉಳಿಯುತ್ತದೆ ಎಂದು ತೋರಿಸಿಕೊಟ್ಟರು. ನೂರಕ್ಕೆ ನಲವತ್ತರಷ್ಟಿದ್ದ ಸಾವು ಒಂದರ ಆಸುಪಾಸಿಗೆ ಇಳಿಯಿತು. 1982ರಲ್ಲೂ 1986ರಲ್ಲೂ ಅದನ್ನು ಪ್ರಕಟಿಸಿದ್ದು ಲಂಡನ್ನಿನ 'ಲ್ಯಾನ್ಸೆಟ್'. 2022ರಲ್ಲಿ ಪದ್ಮಶ್ರೀ ಬಂತು. ಅವರು ಪ್ರಮಾಣಪತ್ರ ಮಾರುವ ಪತ್ರಿಕೆಗೆ ದುಡ್ಡು ಕಟ್ಟಲಿಲ್ಲ, ಬೆಂಗಳೂರಿಗೆ ಗುಳೆ ಹೋಗಲಿಲ್ಲ. ತಮ್ಮ ಊರಿನ ಚೇಳನ್ನು ಬಿಟ್ಟು ಬೇರೆ ವಿಷಯ ಹುಡುಕಲಿಲ್ಲ, ಅಷ್ಟೇ.

'ಅಂತರರಾಷ್ಟ್ರೀಯ ಮಟ್ಟ' ಎಂಬ ಬೆದರುಬೊಂಬೆಗೆ ಇದೇ ಉತ್ತರ. ಸ್ಥಳೀಯ ಪ್ರಶ್ನೆ ಕೆಳಮಟ್ಟದ್ದು, ವಿದೇಶಿಯರು ಕೇಳುವ ಪ್ರಶ್ನೆ ಮೇಲ್ಮಟ್ಟದ್ದು ಎಂಬ ಕಲ್ಪನೆಯೇ ಬುಡವಿಲ್ಲದ್ದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಳ್ಳಿಗರು ಜ್ವರದಿಂದ ಮಲಗಿದರು. ಆ ಸುದ್ದಿ ಹಿಡಿದು ಹೋದದ್ದರಿಂದ ಹೊಸ ವೈರಸ್ಸೇ ಸಿಕ್ಕಿತು. ಕ್ಯಾಸನೂರು ಜಗತ್ತಿನ ವೈದ್ಯಕೀಯ ಪುಸ್ತಕ ಸೇರಿತು. ಆರೂವರೆ ದಶಕ ಕಳೆದರೂ ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಜೀವ ತೆಗೆಯುತ್ತಲೇ ಇದೆ. ಹಳೆಯ ಲಸಿಕೆ ಸಾಲದೆಂದು ಅದನ್ನು ನಿಲ್ಲಿಸಲಾಗಿದೆ. ಉಣುಗು ಯಾವ ವಾರ ಹೆಚ್ಚಾಗುತ್ತದೆ, ದರಕು ಗುಡಿಸಲು ಹೋದವರಿಗೆ ಎಲ್ಲಿ ಹತ್ತುತ್ತದೆ ಎಂಬುದನ್ನು ನೋಡಲು ಕಾಡಿನ ಹತ್ತಿರ ಇರುವವರೇ ಬೇಕು. ಹಾವಿನ ಕತೆಯೂ ಹಾಗೆಯೇ. ನಮ್ಮ ಆಸ್ಪತ್ರೆಗಳಲ್ಲಿರುವ ವಿಷನಿರೋಧಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಕಚ್ಚುವ, ಮೂಗು ಮೇಲಕ್ಕೆದ್ದ ಸಣ್ಣ ಮಂಡಲದ ಹಾವಿಗೆ ಅದು ನಾಟುವುದಿಲ್ಲ. ಈ ಪ್ರಶ್ನೆಗೆ ಬಾಸ್ಟನ್ನಿನಲ್ಲಿ ಕೂತವರು ಉತ್ತರ ಹುಡುಕಬೇಕೇ, ಕಾರವಾರದಲ್ಲಿ ಕೂತ ನಾವೇ?

ಸೌಲಭ್ಯವಿಲ್ಲ ಎಂಬ ನೆಪವೂ ದಿನೇ ದಿನೇ ಸವೆಯುತ್ತಿದೆ. ಒಳ್ಳೆಯ ಪತ್ರಿಕೆಗಳನ್ನು ಓದಲು ದುಡ್ಡಿಲ್ಲ ಎಂಬುದು ಮೊನ್ನೆಮೊನ್ನೆಯವರೆಗೂ ನಿಜವಾಗಿತ್ತು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಒಂದು ದೇಶ, ಒಂದು ಚಂದಾ' ಯೋಜನೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು, ಸುಮಾರು 13,000 ಪತ್ರಿಕೆಗಳನ್ನು ದೇಶದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿಟ್ಟಿದೆ. ಇನ್ನು ಉಪಕರಣ. ತಮಿಳುನಾಡಿನ ಥೇಣಿಯಲ್ಲಿ ಅರವಿಂದ ಕಣ್ಣಾಸ್ಪತ್ರೆ 2000ರ ದಶಕದ ನಡುವಿನಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರ ಜತೆ ಸೇರಿ, ಅಂಗಡಿಯಲ್ಲಿ ಸಿಗುವ ಅಗ್ಗದ ವೈಫೈ ಉಪಕರಣಗಳನ್ನೇ ಪಳಗಿಸಿ ದೂರದೂರದ ಹಳ್ಳಿ ಕೇಂದ್ರಗಳನ್ನು ಆಸ್ಪತ್ರೆಗೆ ಜೋಡಿಸಿತು. ರೋಗಿ ಹಳ್ಳಿಯಲ್ಲೇ ಕೂತು ಥೇಣಿಯ ವೈದ್ಯರೊಡನೆ ಮಾತಾಡಿದ. ಅಲ್ಲಿ ವೈದ್ಯಕೀಯಕ್ಕೂ ನೆಟ್‌ವರ್ಕಿಂಗಿಗೂ ನಿಜವಾದ ಸಂಬಂಧ ಕುದುರಿತು, ಪ್ರಬಂಧವೂ ಜಗತ್ತಿನ ಮೇಲ್ಮಟ್ಟದ ಸಮ್ಮೇಳನಕ್ಕೆ ಹೋಯಿತು. ಕೆಲಸ ಮೊದಲು, ಪೇಪರ್ ಆಮೇಲೆ. ನಾವು ಮಾಡುತ್ತಿರುವುದು ತಿರುಗಾಮುರುಗಾ.

ಇನ್ನೊಂದು ವಿಪರ್ಯಾಸ. ಜಾಗತಿಕ ಮಟ್ಟದ ಇಂಜಿನಿಯರಿಂಗ್ ಕಾರವಾರಕ್ಕೆ ಹೊಸದಲ್ಲ. ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿತು. 2005ರಲ್ಲಿ ಸೇವೆಗೆ ಬಂದ ಕದಂಬ ನೌಕಾನೆಲೆಯಲ್ಲಿ ಹಡಗುಗಳನ್ನೇ ನೀರಿನಿಂದ ಮೇಲೆತ್ತುವ ಶಿಪ್‌ಲಿಫ್ಟ್ ಇದೆ. ಎರಡಕ್ಕೂ ಈ ನೆಲದ ಜನ ಜಾಗ ಬಿಟ್ಟುಕೊಟ್ಟರು, ಊರು ಬಿಟ್ಟರು. ಭದ್ರತೆಯ ಗೇಟು ಇರಲಿ, ಅದಕ್ಕೆ ತಕರಾರಿಲ್ಲ. ಆದರೆ ತುಕ್ಕು, ಪಂಪು, ಕಂಪನ, ಸುತ್ತಲಿನ ಜನರ ಆರೋಗ್ಯ ಇಂಥ ವಿಷಯಗಳಲ್ಲಿ ಸ್ಥಳೀಯ ಕಾಲೇಜುಗಳನ್ನು ಪಾಲುದಾರರಾಗಿ ತೆಗೆದುಕೊಳ್ಳಿ ಎಂದು ನಮ್ಮ ಜನಪ್ರತಿನಿಧಿಗಳು ಗಟ್ಟಿಯಾಗಿ ಕೇಳಬೇಕಿತ್ತು. ಕೈಗಾ ಸುತ್ತಲಿನ ಕಾಯಿಲೆಗಳ ಬಗ್ಗೆ ಜನರಲ್ಲಿ ಭಯವಿದೆ. ಅದಕ್ಕೆ ಹೊರಗಿನವರ ಆಶ್ವಾಸನೆಗಿಂತ ಊರಿನ ವೈದ್ಯಕೀಯ ಕಾಲೇಜು ವರ್ಷವರ್ಷ ಇಡುವ ಲೆಕ್ಕವೇ ಸರಿಯಾದ ಮದ್ದು. ನಾವು ಕೇಳಿದ್ದು ಕೆಲಸ, ಪರಿಹಾರ, ಗುತ್ತಿಗೆ. ಜ್ಞಾನದಲ್ಲಿ ಪಾಲು ಕೇಳಬೇಕೆಂದು ಹೊಳೆಯಲಿಲ್ಲ.

'ಇಲ್ಲಿ ಇದೆಲ್ಲ ಆಗದು' ಎಂಬ ಹಳೆಯ ಅಭಿಪ್ರಾಯವನ್ನು ಅಂಕೋಲೆ ಒಮ್ಮೆ ಸೋಲಿಸಿ ತೋರಿಸಿದೆ. ಹೈಸ್ಕೂಲು, ಕಾಲೇಜು ಎಂದರೆ ಪಟ್ಟಣದ ಉಳ್ಳವರ ವಸ್ತು, ಹಾಲಕ್ಕಿಯವರ, ಮೀನುಗಾರರ ಮಕ್ಕಳಿಗೆ ಅದೇಕೆ ಎಂಬ ಮಾತು ನಡೆಯುತ್ತಿದ್ದ ಕಾಲದಲ್ಲಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು, ಜನತಾ ವಿದ್ಯಾಲಯಗಳನ್ನು ಹಳ್ಳಿಗೆ ಒಯ್ದರು. 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಬಂತು. 'ಇಲ್ಲಿಗೆ ಇದು ಸಾಕು' ಎಂಬ ಮಾತನ್ನು ಅವರು ಒಪ್ಪಿದ್ದರೆ ಇವತ್ತು ಸಂಶೋಧನೆ ಇಲ್ಲಿ ಆಗದು ಎಂದು ಹೇಳುವ ಅಧ್ಯಾಪಕರಲ್ಲಿ ಅರ್ಧ ಜನ ಅಧ್ಯಾಪಕರೇ ಆಗುತ್ತಿರಲಿಲ್ಲ.

ಮಾಡಬೇಕಾದದ್ದು ಏನು? ಅಂತಿಮ ವರ್ಷದ ಇಂಜಿನಿಯರಿಂಗ್ ಪ್ರಾಜೆಕ್ಟುಗಳಲ್ಲಿ ಒಂದಷ್ಟನ್ನಾದರೂ ಜಿಲ್ಲೆಯ ಗುಡ್ಡ, ಬೋಟು, ಆಂಬುಲೆನ್ಸಿಗೆ ಮೀಸಲಿಡಿ. ವೈದ್ಯ ವಿದ್ಯಾರ್ಥಿಯ ಪ್ರಬಂಧಕ್ಕೆ ಮಾಜಾಳಿಯ ಒಬ್ಬ ಅಧ್ಯಾಪಕರನ್ನೂ, ಮಾಜಾಳಿಯ ಪ್ರಾಜೆಕ್ಟಿಗೆ ಕ್ರಿಮ್ಸ್‌ನ ಒಬ್ಬ ವೈದ್ಯರನ್ನೂ ಮಾರ್ಗದರ್ಶಕರಾಗಿ ಸೇರಿಸಿ. ವರ್ಷಕ್ಕೊಮ್ಮೆ ಅದರ ಫಲವನ್ನು ಕನ್ನಡದಲ್ಲಿ, ಜಿಲ್ಲಾಧಿಕಾರಿ, ಮೀನುಗಾರರು, ಪಂಚಾಯಿತಿಯವರ ಎದುರು ಓದಿ ಹೇಳಿ. ಅವರು ಕೇಳುವ ಪ್ರಶ್ನೆಗಿಂತ ಕಠಿಣ ಪರೀಕ್ಷೆ ಯಾವ ಪತ್ರಿಕೆಯದೂ ಅಲ್ಲ. ಬಡ್ತಿ ಸಮಿತಿಯವರು ಐದು ಹುಸಿ ಪೇಪರಿಗಿಂತ ಇಂಥ ಒಂದು ವರದಿಗೆ ಹೆಚ್ಚು ಬೆಲೆ ಕೊಡಲಿ. ಇದಾವುದಕ್ಕೂ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ.

ಪಾಲಕರಿಗೂ ಒಂದು ಮಾತು. ಮುಂದಿನ ಸಲ ಕಾಲೇಜಿನವರು ಎಷ್ಟು ಅಂತರರಾಷ್ಟ್ರೀಯ ಪೇಪರ್ ಪ್ರಕಟಿಸಿದ್ದೇವೆಂದು ಹೇಳಿದಾಗ ತಲೆಯಾಡಿಸಿ ಬರಬೇಡಿ. ಅವುಗಳಲ್ಲಿ ಶಿರೂರಿನ ಗುಡ್ಡದ ಮೇಲೆ ಎಷ್ಟು, ಬೈತಖೋಲದ ಬೋಟಿನ ಮೇಲೆ ಎಷ್ಟು, ನಮ್ಮೂರಿನ ರೋಗಿಯ ಮೇಲೆ ಎಷ್ಟು ಎಂದು ಕೇಳಿ. ಉತ್ತರ ಸೊನ್ನೆಯಾದರೆ, ಆ ಕಾಲೇಜಿನಲ್ಲಿ ಸಂಶೋಧನೆಯೂ ಸೊನ್ನೆ.